ಹೆಗಲಿನ ನೋವು

ಅಂದು ಬೆಳಿಗ್ಗೆ ಘಟ್ಟದ ಕಡೆಯಿಂದ ಮೂಡಣ ಗಾಳಿ ಸಣ್ಣಗೆ ಬೀಸುತ್ತಿತ್ತು. ಜನವರಿಯ ಚಳಿ. ಕಡಲು ಎಣ್ಣೆ ಹೊಯ್ದ ಹಾಗೆ ಅಲುಗದೆ ಮಲಗಿತ್ತು. ದಂಡೆಯಲ್ಲಿ ನಿಂತು ಹಗ್ಗ ಹಿಡಿದು ಎಳೆಯುವ ರಂಪಣಿ ಬಲೆ ಬಿಡುವುದಕ್ಕೆ ಇದಕ್ಕಿಂತ ಒಳ್ಳೆಯ ದಿನವನ್ನು ದೇವರು ಕೊಡುವುದಿಲ್ಲ. ಆದರೂ ಹಾರವಾಡದ ದಂಡೆಯಲ್ಲಿ ದೋಣಿ ಕವುಚಿ ಬಿದ್ದಿತ್ತು. ಗಂಗೂ, ತಮ್ಮ ರಾಜೀವನ ಹೆಣದ ಕಾಲಬುಡದಲ್ಲಿ ಯಾರೋ ತಂದಿಟ್ಟಿದ್ದ ಕಬಡ್ಡಿ ಬಹುಮಾನದ ಢಾಲನ್ನು ಎತ್ತಿ ಅಂಗಳಕ್ಕೆ ಎಸೆದಳು.

ಅದು ತುಳಸಿಕಟ್ಟೆಗೆ ಬಡಿಯಿತು. ಢಾಲಿನ ಮೇಲೆ ಕಾಲೆತ್ತಿ ನಿಂತಿದ್ದ ಬಂಗಾರಬಣ್ಣದ ಆಟಗಾರನ ಕಾಲು ಮುರಿದು ಬೇರೆ ಬಿತ್ತು.

"ಗಂಗಕ್ಕಾ!" ಅಂದ ತುಳಸಿದಾಸ. ತಂಡದ ಕ್ಯಾಪ್ಟನ್ ಅವನೇ. ಪಕ್ಕದ ಮನೆಯವನು, ರಾಜೀವನ ಜೊತೆ ಒಂದೇ ಹಗ್ಗ ಎಳೆದು ಬೆಳೆದವನು. "ಅದು ಅಂವ ಗೆದ್ದದ್ದು. ಅವ್ನ ಸಂಗ್ತಿಗೇ ಇರ್ಲಿ ಹೇಳಿ ತಂದದ್ದು."

"ಅಂವ ಗೆದ್ದದ್ದಾ? ಹಂಗಾದ್ರೆ ಅಂವ್ನೇ ಎದ್ದು ಹಿಡ್ಕಳ್ಲಿ! ಎಲ್ಲ ಸೇರಿ ಫೋಟೋ ತೆಗ್ಸ್ಕಂಡ್ರಲ್ಲ, ಅದ್ರಲ್ಲಿ ಅಂವ ಎಲ್ಲಿದ್ದ? ಕೆಳಗೆ ಕೂತಿದ್ದ. ಪಕ್ಕೆ ಹಿಡ್ಕಂಡು ಕೂತಿದ್ದ. ಉಳಿದವ್ರು ಹನ್ನೊಂದು ಜನ ಇದ್ರಿ. ಇಪ್ಪತ್ತೆರಡು ಕಣ್ಣು. ಒಂದಕ್ಕೂ ಕಾಣ್ಲಿಲ್ವಾ?"

ತುಳಸಿದಾಸ ತಲೆ ತಗ್ಗಿಸಿದ. ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದ ಬೊಮ್ಮಯ್ಯಜ್ಜ ಅವನನ್ನು ಕರೆದ. "ಏ ತುಳಸೀ, ಇತ್ಲಾಗೆ ಬಾ. ಈ ತುದಿ ಹಿಡಿ. ಬಲೆ ಗಂಟು ಹಾಕ್ಬೇಡ ಮತ್ತೆ, ಬಿಚ್ಚುಕೆ ಬರುದಿಲ್ಲ. ರಾಜೀವ ಇದ್ದಿದ್ರೆ ನಿನ್ನ ಗಂಟು ನೋಡಿ ನಗ್ತಿದ್ದ."

ಯಾರೂ ನಗಲಿಲ್ಲ. ರಂಪಣಿಯ ಹಳೆಯ ಹಗ್ಗದಲ್ಲೇ ಚಟ್ಟ ಬಿಗಿಯುತ್ತಿದ್ದರು. ಎಳೆಯುವವನು ಹೋದರೆ ಅವನ ಹಗ್ಗವೂ ಅವನ ಜೊತೆಗೇ ಹೋಗಬೇಕು ಎಂಬುದು ದಂಡೆಯವರ ಪದ್ಧತಿ.

ರಾಜೀವನಿಗೆ ಮೂವತ್ತಾರು. ತಾಯಿ ಸತ್ತಾಗ ಅವನಿಗೆ ನಾಲ್ಕು ವರ್ಷ. ಅಂದಿನಿಂದ ಸಾಕಿದವಳು ಗಂಗೂ. ಭಾನುವಾರ ಅಂಕೋಲೆಯಲ್ಲಿ ಕಬಡ್ಡಿ ಆಡಿ ಬಂದವನು ಮಂಗಳವಾರ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಕುಸಿದ. ಕಾರವಾರದ ದಾರಿಯಲ್ಲಿ, ರಿಕ್ಷಾದಲ್ಲಿ, ಗಂಗೂನ ತೊಡೆಯ ಮೇಲೆ ತಲೆಯಿಟ್ಟೇ ಹೋಗಿಬಿಟ್ಟ. ಹೆಣ ಕೊಯ್ದ ಡಾಕ್ಟರು ಹೊರಗೆ ಬಂದು ಹೇಳಿದ್ದರು: "ಎಡಪಕ್ಕೆಯ ಅಡಿಗೆ ಗುಲ್ಮ ಅಂತ ಇರ್ತದೆ ಅಮ್ಮಾ. ಅದು ಸೀಳಿತ್ತು. ಎರಡು ದಿನ ರಕ್ತ ಹೊಟ್ಟೆಯೊಳಗೇ ಸೋರಿದೆ. ಭಾನುವಾರವೇ ತಂದಿದ್ದರೆ ಉಳೀತಿದ್ದ."

ಉಳೀತಿದ್ದ. ಆ ಒಂದು ಮಾತು ರಾತ್ರಿಯಿಡೀ ಗಂಗೂನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತ್ತು. ಭಾನುವಾರ ಯಾರಿಗೆ ಗೊತ್ತಿತ್ತು? ಗೊತ್ತಿದ್ದವರು ಯಾಕೆ ಬಾಯಿ ಬಿಡಲಿಲ್ಲ? ಹೆಣ ಎತ್ತುವುದರೊಳಗೆ ಅವಳಿಗೆ ಅದೊಂದು ಗೊತ್ತಾಗಬೇಕಿತ್ತು.

*

ಭಾನುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ರಾಜೀವ ಬಂದಿದ್ದ. ಹದಿನೆಂಟು ವರ್ಷ ಆಡಿದರೂ ಒಂದೇ ಒಂದು ಫೈನಲ್ಲನ್ನೂ ಗೆದ್ದ ತಂಡವಲ್ಲ ಅದು. ಅಂದು ಗೆದ್ದಿತ್ತು. ಕುಣಿಯುತ್ತಾ ಬರಬೇಕಾದವನು ಜಗಲಿಯ ಕಂಬ ಹಿಡಿದು ಕೂತ.

"ಎಂತ ಆಯ್ತಾ ತಮ್ಮಾ?"

"ಸೆಮಿಫೈನಲ್ಲಲ್ಲಿ ಒಬ್ಬ ಮೊಣಕಾಲು ಊರಿ ನನ್ ಪಕ್ಕೆ ಮೇಲೇ ಬಿದ್ದ ಅಕ್ಕ. ಉಸ್ರೇ ಹೋದ ಹಂಗಾಯ್ತು. ಸೋಡಾ ಕುಡ್ದೆ, ಸಮಾ ಆಯ್ತು." ಸ್ವಲ್ಪ ತಡೆದು ಹೇಳಿದ, "ಪಕ್ಕೆ ಅಷ್ಟಿಲ್ಲ. ಈ ಎಡಹೆಗಲೇ ಚುಚ್ತದೆ. ಉಸ್ರು ಎಳ್ದ್ರೆ ಹೆಚ್ಚು."

"ಹೆಗಲಿಗೂ ಪೆಟ್ಟು ಬಿತ್ತಾ?"

"ಇಲ್ಲ. ಅದೇ ಆಶ್ಚರ್ಯ."

ಗಂಗೂಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ದಂಡೆಯ ಯಾವ ಗಂಡಸಿಗೆ ಹೆಗಲು ನೋವಿಲ್ಲ? ರಾಜೀವ ಹಗ್ಗ ಹೊರುತ್ತಿದ್ದದ್ದು ಎಡಹೆಗಲಲ್ಲಿ. ನಸುಕಿಗೆ ಅವಳ ಮೀನಿನ ಬುಟ್ಟಿಯನ್ನು ಹೈವೇವರೆಗೆ ಹೊತ್ತು, ಅಂಕೋಲೆಯ ಮೊದಲ ಬಸ್ಸಿಗೆ ಏರಿಸುತ್ತಿದ್ದದ್ದೂ ಅದೇ ಹೆಗಲಲ್ಲಿ. "ನಿನ್ ಬುಟ್ಟಿಗಿಂತ ನಿನ್ ಬಾಯಿ ಭಾರ ಅಕ್ಕ" ಎಂದು ದಿನಾ ಕಾಡಿಸುತ್ತಿದ್ದ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿರುತ್ತಿದ್ದ.

ಅವಳು ತೆಂಗಿನೆಣ್ಣೆ ಬಿಸಿ ಮಾಡಿ ತಂದಳು. ಬೆರಳು ಊರಿ ಹೆಗಲು ತಿಕ್ಕಿದಳು. ಹೊಟ್ಟೆ ಮುಟ್ಟಿ ನೋಡಿದರೆ ಹಲಗೆಯ ಹಾಗೆ ಬಿಗಿದಿತ್ತು. "ವಾಯು ತುಂಬಿದೆ" ಅಂದಳು. ಇಂಗಿನ ನೀರು ಕುಡಿಸಿ ಹೊಟ್ಟೆಯನ್ನೂ ಕೆಳಮುಖವಾಗಿ ನೀವಿದಳು. ಅವನ ಹಣೆಯ ಮೇಲೆ ತಣ್ಣನೆಯ ಬೆವರಿತ್ತು. ತುಟಿ ಬಿಳಚಿತ್ತು. ಮತ್ತೆ ಮತ್ತೆ ನೀರು ಕೇಳಿದ. ಆಡಿ ದಣಿದವನಲ್ಲವೇ ಎಂದು ಅವಳು ಕೊಟ್ಟೇ ಕೊಟ್ಟಳು.

"ನಿನ್ ಕೈ ಬಿದ್ರೆ ಎಲ್ಲಾ ಹೋಗ್ತದೆ ಬಿಡು" ಅಂದಿದ್ದ ರಾಜೀವ, ಹಲ್ಲು ಕಚ್ಚಿ.

*

ಒಂಬತ್ತು ಗಂಟೆಗೆ ಹೆಣಕ್ಕೆ ಎಣ್ಣೆ ಮುಟ್ಟಿಸಿ ಮೀಯಿಸಿದರು. ರಾಜೀವನ ಹೆಂಡತಿ ಮನಿಷಾ ಗೋಡೆಗೆ ಒರಗಿದವಳು ಏಳಲೇ ಇಲ್ಲ. ಗಂಗೂನೇ ಎಣ್ಣೆ ಇಟ್ಟಳು. ಎಡಹೆಗಲಿಗೆ ಬಂದಾಗ ಅವಳ ಕೈ ತಾನಾಗಿ ತಿಕ್ಕುವುದಕ್ಕೆ ಹೊರಟಿತು, ನಿಂತಿತು.

ಆ ಹೊತ್ತಿಗೇ ಕುಮಾರ ಮಾಸ್ತರು ಬಂದರು. ಹಿಲ್ಲೂರಿನವರು, ಶಾಲೆಯಲ್ಲಿ ಡ್ರಿಲ್ ಕಲಿಸುವವರು, ಭಾನುವಾರದ ಆಟಕ್ಕೆ ಅಂಪೈರ್ ಆಗಿದ್ದವರು. ಕೈಯಲ್ಲಿ ಒಂದು ಗೊಂಡೆಹೂವಿನ ಮಾಲೆ. ಅಂಗಳದಲ್ಲಿ ಗುಸುಗುಸು ಎದ್ದಿತು.

"ಸೀಟಿ ಊದಿದವ ಬಂದ ನೋಡು."

"ಅಂವ ಆಟ ನಿಲ್ಸಿದ್ರೆ ಇದೆಲ್ಲ ಎಲ್ಲಿತ್ತು?"

ಗಂಗೂ ಎಣ್ಣೆಗೈಯಲ್ಲೇ ಮೆಟ್ಟಿಲಿಳಿದು ಎದುರು ನಿಂತಳು. "ಮಾಸ್ತರೇ, ನೀವು ಓದಿದವ್ರು. ನನ್ ತಮ್ಮ ಬಿದ್ದದ್ದು ನಿಮ್ ಕಾಲಬುಡದಲ್ಲಿ. ಅವ್ನ ಮುಖ ನೋಡಿದ್ರಾ ಇಲ್ವಾ?"

"ನೋಡಿದೆ ಅಕ್ಕ. ಅಂಗಿ ಎತ್ತಿ ಪಕ್ಕೇನೂ ಒತ್ತಿ ನೋಡಿದೆ. ಹೆಗಲು ನೋಯ್ತದಾ ಹೇಳಿ ಕೇಳಿದ್ದೂ ನಾನೇ. ಹೌದು ಅಂದ. ನಂಗೆ ಹೆದ್ರಿಕೆ ಆಯ್ತು. ನಾವು ತರಬೇತಿಯಲ್ಲಿ ಕಲ್ತದ್ದೇ ಅದು. ಆಡ್ಸಬೇಡಿ, ಈಗ್ಲೇ ಕಾರವಾರಕ್ಕೆ ಒಯ್ಯಿರಿ ಅಂದೆ. ಮನೆಯವ್ರಿಗೆ ತಿಳೀಲಿ ಹೇಳಿ ಚೀಟಿ ಬರ್ದು ಕೊಟ್ಟೆ."

ಗಂಗೂ ಇನ್ನೊಂದು ಹೆಜ್ಜೆ ಮುಂದೆ ಬಂದಳು.

"ಯಾರ ಕೈಲಿ ಕೊಟ್ರಿ?"

ಮಾಸ್ತರು ಚಟ್ಟದ ಕಡೆ ನೋಡಿದರು. ತುಳಸಿದಾಸ ಗಂಟು ಬಿಗಿಯುತ್ತಿದ್ದ. ಆಗಲೇ ಬಿಗಿದಿದ್ದ ಗಂಟನ್ನು ಮತ್ತೂ ಬಿಗಿಯುತ್ತಿದ್ದ.

"ತುಳಸೀ" ಅಂದಳು ಗಂಗೂ. "ಹೆಣದ ಎದ್ರು ಹೇಳು. ಚೀಟಿ ಕೊಟ್ರಾ?"

"ಯಾವ ಚೀಟಿ?" ತುಳಸಿದಾಸ ತಲೆಯೆತ್ತಲಿಲ್ಲ. "ನಂಗೆ ಯಾರೂ ಕೊಡ್ಲಿಲ್ಲ ಗಂಗಕ್ಕ. ಈಗ ತಪ್ಪಿಸ್ಕಳ್ಳುಕೆ ಎಲ್ಲ ಚೀಟಿ ಬರೀತ್ರು."

ಪಕ್ಕದ ಮನೆಯ ಹುಡುಗ. ಜ್ವರ ಬಂದಾಗ ಅವಳೇ ಗಂಜಿ ಉಣಿಸಿದವನು. ಎದುರು ನಿಂತವನು ಘಟ್ಟದ ಬುಡದ ಯಾರೋ ಮಾಸ್ತರ. ಗಂಗೂನ ಸಿಟ್ಟಿಗೆ ದಾರಿ ಸಿಕ್ಕಿತು.

"ಕೇಳಿದ್ರಾ? ಸತ್ತವ ಬಾಯಿ ಬಿಡುದಿಲ್ಲ ಹೇಳಿ ಏನು ಬೇಕಾದ್ರೂ ಹೇಳುದಾ? ಚೀಟಿ ಬರೆದ್ರಂತೆ! ಬರೆದ ಕೈ ಆಟ ನಿಲ್ಸುಕೆ ಬರ್ಲಿಲ್ವಾ? ಅವ್ನ ಕುತ್ತಿಗೆಗೆ ಆ ಮಾಲೆ ಹಾಕ್ಬೇಡಿ. ನಡೀರಿ. ಮೆಟ್ಟಿಲು ಹತ್ಬೇಡಿ!"

"ನಿಲ್ಸಬೇಕಿತ್ತು" ಅಂದರು ಮಾಸ್ತರು ಮೆಲ್ಲಗೆ. "ಅದು ನನ್ ತಪ್ಪೇ. ಚೀಟಿ ಕೊಟ್ಟು ಸುಮ್ನಾದೆ." ಮಾಲೆಯನ್ನು ತುಳಸಿಕಟ್ಟೆಯ ಮೇಲಿಟ್ಟು, ಮುರಿದ ಢಾಲನ್ನು ದಾಟಿ ಹೋದರು. ಹೈವೇಯಲ್ಲಿ ಕೈಗಾ ಅಣುಸ್ಥಾವರದ ಬಸ್ಸೊಂದು ನೌಕರರನ್ನು ತುಂಬಿಕೊಂಡು, ಏನೂ ಆಗಿಲ್ಲದಂತೆ ಓಡಿತು.

"ಗಂಗೂ, ಅಷ್ಟು ಹೇಳ್ಬಾರದಿತ್ತೇನ" ಅಂದ ಬೊಮ್ಮಯ್ಯಜ್ಜ.

"ನಿನ್ ತಮ್ಮ ಆಗಿದ್ರೆ ತಿಳೀತಿತ್ತು ಅಜ್ಜಾ."

ಗಂಡಸರು ಹೆಣ ಎತ್ತಿದರು. ಎಡಬದಿಯ ಮುಂದಿನ ಕೊನೆಗೆ ಹೆಗಲು ಕೊಟ್ಟವನು ತುಳಸಿದಾಸ.

*

ಸಂಜೆಯಾಯಿತು. ಸುಟ್ಟು ಬಂದವರು ಕಡಲಲ್ಲಿ ಮಿಂದು, ದೀಪಕ್ಕೆ ಕೈ ಮುಗಿದು, ಅವರವರ ಮನೆಗೆ ಹೋದರು. ಹೆಣದ ತಲೆಯಿದ್ದ ಜಾಗವನ್ನು ಸಗಣಿಯಲ್ಲಿ ಸಾರಿಸಿ ಗಂಗೂ ಹಣತೆ ಇಟ್ಟಿದ್ದಳು. ಹತ್ತನೆಯ ದಿನದವರೆಗೆ ಅದು ಆರಬಾರದು. ಮನಿಷಾ ಕೊನೆಗೂ ಕಣ್ಣು ಮುಚ್ಚಿದ್ದಳು.

ಗಂಗೂ ಬತ್ತಿ ಸರಿಮಾಡಿ ಎಣ್ಣೆ ಹೊಯ್ಯುತ್ತಿದ್ದಾಗ ಬಾಗಿಲಲ್ಲಿ ನೆರಳಾಯಿತು. ತುಳಸಿದಾಸ. ಮಿಂದ ತಲೆ ಇನ್ನೂ ಒದ್ದೆ. ಒಳಗೆ ಬರಲಿಲ್ಲ, ಹೊಸ್ತಿಲಾಚೆ ಮೊಣಕಾಲೂರಿ ಕೂತ.

"ಕೊಳ್ಳಿ ಇಡುವಾಗ ಬೊಮ್ಮಯ್ಯಜ್ಜ ಹಗ್ಗ ಬಿಚ್ಚು ಅಂದ" ಅಂದ. "ನಾನು ಹಾಕಿದ ಗಂಟು. ಬಿಚ್ಚುಕೆ ಬರ್ಲಿಲ್ಲ ಗಂಗಕ್ಕ. ಕೊಯ್ದು ತೆಗೆದ್ರು."

ಅವನು ಮುಷ್ಟಿ ಚಾಚಿ ಬಿಡಿಸಿದ. ಅಂಗೈಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ. ಅಂಕ ಬರೆಯುವ ಪುಸ್ತಕದಿಂದ ಹರಿದದ್ದು.

"ಆಟದ ಚಡ್ಡಿ ಕಿಸೆಯಲ್ಲೇ ಇತ್ತು. ಫೈನಲ್ಲಿಗೆ ಅರ್ಧ ತಾಸು ಇತ್ತು. ಮುಗಿದ ಮೇಲೆ ಕೊಡುವಾ ಅಂದ್ಕಂಡೆ. ಅಂವ್ನೇ ಅಂದ, ಹೆಗಲು ತಾನೇ, ಆಡ್ತೆ ಹೇಳಿ. ಗೆದ್ದ ಮೇಲೆ..."

ಗಂಗೂ ಕಾಗದ ತೆಗೆದುಕೊಂಡಳು. ನಾಲ್ಕನೇ ಇಯತ್ತೆ ಓದಿದವಳು. ಹಣತೆಯ ಹತ್ತಿರ ಹಿಡಿದು ಒಂದೊಂದೇ ಅಕ್ಷರ ಕೂಡಿಸಿದಳು.

'ಮನೆಯವರಿಗೆ. ಎಡಪಕ್ಕೆಗೆ ಪೆಟ್ಟು. ಹೆಗಲಿನ ನೋವು ಹೆಗಲಿನದಲ್ಲ, ಹೊಟ್ಟೆಯೊಳಗಿನದು. ತಿನ್ನಲು ಕುಡಿಯಲು ಕೊಡಬೇಡಿ. ಹೊಟ್ಟೆ ತಿಕ್ಕಬೇಡಿ. ಈಗಲೇ ದೊಡ್ಡಾಸ್ಪತ್ರೆಗೆ ಒಯ್ಯಿರಿ.'

'ತಿಕ್ಕಬೇಡಿ' ಎಂಬಲ್ಲಿ ಅವಳ ಬೆರಳು ನಿಂತಿತು. ಅಲ್ಲಿಂದ ಮುಂದೆ ಸರಿಯಲಿಲ್ಲ.

ತುಳಸಿದಾಸ ಬೈಗುಳಕ್ಕೆ ಕಾದ. ಹೊಡೆದರೆ ಹೊಡೆಯಲಿ ಎಂದು ಮುಖವನ್ನೂ ಮುಂದೆ ತಂದ. ಬೆಳಗಿನಿಂದ ಉರಿದ ಹೆಂಗಸು ಈಗ ಅವನನ್ನು ನೋಡಿದ ನೋಟದಲ್ಲಿ ಬೆಂಕಿ ತಣ್ಣಗಾಗಿರಲಿಲ್ಲ. ಕೆಂಡವಾಗಿ ಕೂತಿತ್ತು.

"ನಾಳೆ ಮೊದ್ಲ ಬಸ್ಸಿಗೆ ಹಿಲ್ಲೂರಿಗೆ ಹೋಗು" ಅಂದಳು. "ಮಾಸ್ತರ ಮನೆ ಹುಡುಕು. ಅವ್ರ ಹೆಂಡ್ತಿ ಮಕ್ಕಳ ಎದ್ರು ನಿಂತು ಹೇಳು, ಚೀಟಿ ಮುಟ್ತು ಹೇಳಿ."

ಅವನು ಎದ್ದು ಹೋದ. ಗಂಗೂನ ಕೈಯ ಎಣ್ಣೆ ಕಾಗದಕ್ಕೆ ಹಿಡಿಯುತ್ತಿತ್ತು. ಹಣತೆಯ ಬೆಳಕಿನಲ್ಲಿ ಅಕ್ಷರಗಳು ಒಂದೊಂದಾಗಿ, ತಿರುಗುಮುರುಗಾಗಿ, ಆಚೆ ಬದಿಗೂ ಮೂಡತೊಡಗಿದವು.