ಹೇಗೆ ಬಂತೆಂದು ತಿಳಿಯದು

ಸೆಟೆದ ಕೈ ಕೋಟಿನ ತೋಳಿನೊಳಗೆ ಹೋಗಲೊಲ್ಲದು. ಮರೇವಾ ಕೊನೆಗೆ ಕತ್ತರಿ ತಂದು ಅಪ್ಪನ ಬಿಳಿ ಕೋಟಿನ ಬೆನ್ನನ್ನು ಉದ್ದಕ್ಕೂ ಸೀಳಿದಳು. ಎರಡು ಕಡೆಯಿಂದ ತೊಡಿಸಿ ಅಂಚುಗಳನ್ನು ಬೆನ್ನಡಿಗೆ ಮಡಚಿದಳು.

"ಮದುವೆ ಕೋಟು ಕಣೇ ಅದು," ಅಂದಳು ಅಮ್ಮ ತೆತುವಾ.

"ಮುಂದಿನಿಂದ ಕಾಣಲ್ಲಮ್ಮ."

"ಹಿಂದಿನಿಂದ ನೋಡೋನು ದೇವರೊಬ್ಬನೇ. ಅವನೇನೂ ಅಂದ್ಕೊಳ್ಳಲ್ಲ ಬಿಡು."

ತೆತುವಾ ಬಿಸ್ಕತ್ತಿನ ಡಬ್ಬಿಯಿಂದ ಹಾರವೊಂದನ್ನು ತೆಗೆದಳು. ಕಡಲಿನ ಚಿಪ್ಪಿನದಲ್ಲ. ಕಣಿವೆಯ ಮರಗಳಲ್ಲಿ ಎಲೆಯಡಿ ಅಂಟಿಕೊಂಡಿರುತ್ತಿದ್ದ, ಉಗುರಿನಷ್ಟೇ ದೊಡ್ಡ ಬಸವನಹುಳುಗಳ ಚಿಪ್ಪಿನದು; ಜೇನಿನ ಬಣ್ಣ, ಮೇಲೆ ಕಂದು ಗೆರೆ. ಅವಳ ಅಜ್ಜಿ ಪೋಣಿಸಿದ್ದು. ಈಗ ಪೋಣಿಸುತ್ತೇನೆಂದರೂ ಕಣಿವೆಯಲ್ಲಿ ಅಂಥ ಒಂದು ಹುಳವೂ ಇಲ್ಲ.

ಹಾರೆ ಕೇಳಲು ಬಂದ ಪುನುವಾ ಬಾಗಿಲಲ್ಲೇ ನಿಂತ. ಅಪ್ಪ ತಿಹೋನಿಯ ಬಾಲ್ಯದ ಗೆಳೆಯ, ದೋಣಿಯವನು.

"ಅತ್ತಿಗೆ, ಅದು ಬೇಡ."

"ಯಾಕೋ?"

"ಹೂವಿಂದು ಹಾಕಿ. ಎಷ್ಟು ಬೇಕಾದ್ರೂ ಹಾಕಿ. ಅದೊಂದು ಬೇಡ."

ಹಾರೆ ಮರೆತು ಹೊರಟೇಹೋದ. ಮರೇವಾಳೇ ಅದನ್ನು ಹೊತ್ತು ಅಂಗಳಕ್ಕೆ ನಡೆದಳು. ದೀವಿಹಲಸಿನ ಮರದ ಪಕ್ಕ ಗುಂಡಿ ಸೊಂಟದ ಮಟ್ಟ ಇಳಿದಿತ್ತು. ಪುನುವಾ ಒಳಗೆ ನಿಂತು ಬೇರು ಕಡಿಯುತ್ತಿದ್ದ.

"ಹೇಳು ಚಿಕ್ಕಪ್ಪ. ಆ ಹಾರ ಏನು ಮಾಡ್ತು?"

"ಸತ್ತೋನ ಮಾತು, ಬಿಡು ಮಗಳೇ."

"ಸತ್ತೋನು ನನ್ನಪ್ಪ."

ಪುನುವಾ ಕತ್ತಿ ಕೆಳಗಿಟ್ಟ. "ಆ ಕೊಲೆಗಡುಕ ಹುಳ ಇದೆಯಲ್ಲ, ಉಳಿದೋವನ್ನೆಲ್ಲ ತಿಂದು ಮುಗಿಸಿದ್ದು? ಅದನ್ನ ಈ ದ್ವೀಪಕ್ಕೆ ತಂದೋನು ನಿಮ್ಮಪ್ಪ. ನನ್ನ ದೋಣೀಲೇ."

* * *

ಮೂವತ್ತೊಂದು ವರ್ಷದ ಹಿಂದಿನ ಮಾತು. ಅಂಗೈಯಗಲದ ಪರದೇಶಿ ಬಸವನಹುಳುಗಳು ತಿಹೋನಿಯ ವೆನಿಲಾ ಬಳ್ಳಿಗಳನ್ನು ಬುಡದಿಂದಲೇ ಮೇಯುತ್ತಿದ್ದವು. ಮರೇವಾಳಿಗೆ ಆಗ ಆರು ವರ್ಷ. ಅವಳನ್ನು ಪಟ್ಟಣದ ಶಾಲೆಗೆ ಹಾಕಬೇಕೆಂದು ಅವನು ಹಟ ತೊಟ್ಟಿದ್ದ, ಮನೆಯಲ್ಲಿ ಇದ್ದದ್ದು ಆ ಬಳ್ಳಿಗಳು ಮಾತ್ರ. ಹುಳವನ್ನೇ ತಿನ್ನುವ ಹುಳವೊಂದು ತಹಿತಿ ದ್ವೀಪದಲ್ಲಿದೆಯಂತೆ ಎಂದು ಯಾರೋ ಅಂದರು. ತಿಹೋನಿ ಪುನುವಾನ ಜೊತೆ ಹೋಗಿ, ತೆಳ್ಳಗೆ ಉದ್ದವಾದ ಗುಲಾಬಿ ಚಿಪ್ಪಿನ ಮೂವತ್ತು ಹುಳುಗಳನ್ನು ಒದ್ದೆ ಗೋಣಿಯಲ್ಲಿ ತಂದ. ದಾರಿಯುದ್ದಕ್ಕೂ ಬಿಸಿಲು ತಾಗದಂತೆ ತನ್ನ ಅಂಗಿಯನ್ನೇ ಅದರ ಮೇಲೆ ಹೊದಿಸಿದ್ದ.

ಅವು ಬಳ್ಳಿಗಳು ಉಳಿಯುವಷ್ಟು ದೊಡ್ಡವನ್ನು ತಿಂದವು, ಆಮೇಲೆ ಅವುಗಳ ತಂಟೆಗೆ ಅಷ್ಟಾಗಿ ಹೋಗಲಿಲ್ಲ. ಎಲೆಯಡಿಯ ಚಿಕ್ಕವನ್ನು ಹುಡುಕಿ ಮರ ಹತ್ತಿದವು.

ನಾಲ್ಕನೆಯ ವರ್ಷ ತೆತುವಾ ಯಾರದೋ ಮದುವೆಯ ಹಾರಕ್ಕೆಂದು ಕಣಿವೆಗೆ ಹೋಗಿ ಖಾಲಿ ಬುಟ್ಟಿ ತಂದಳು. "ಒಂದೂ ಜೀವ ಇಲ್ಲ ಕಣ್ರೀ. ಎಲೆ ತಿರುಗಿಸಿದ್ರೆ ಎಲೆ ಅಷ್ಟೇ." ಅಂದು ತಿಹೋನಿ ತಟ್ಟೆಯ ಮುಂದಿನಿಂದ ಎದ್ದುಹೋದ.

ಆಮೇಲೆ ಬಂದವಳು ಫ್ರಾನ್ಸಿನ ಆನ್ಯೆಸ್. ಉಳಿದ ಹುಳು ಎಣಿಸುವುದು ಅವಳ ಕೆಲಸ, ಊರಿಗೆಲ್ಲ ಅವಳು ಬಸವನಹುಳದ ಮೇಡಂ. ಚೀಲ ಹೊರಲು ತಿಹೋನಿ ತಾನಾಗಿ ಬಂದ. ಹನ್ನೆರಡು ದಿನ ಹುಡುಕಿ, ನೀರು ಬೀಳುವ ಬಂಡೆಯ ಹಿಂದೆ ಏಳೇ ಏಳು ಸಿಕ್ಕವು. ಅವನ್ನು ಪೆಟ್ಟಿಗೆಯಲ್ಲಿಟ್ಟು ಬದುಕಿಸಲು ತನ್ನ ದೇಶಕ್ಕೆ ಒಯ್ಯುವ ಮುನ್ನ ಅವಳು ಅವನ ಕೈಗೆ ಭೂತಗನ್ನಡಿ ಕೊಟ್ಟಳು.

"ನೋಡಿ. ಇವು ಈ ಕಣಿವೆ ಬಿಟ್ರೆ ಭೂಮಿ ಮೇಲೆ ಇನ್ನೆಲ್ಲೂ ಇಲ್ಲ."

"ಇನ್ನೊಂದ್ಸಲ ಹೇಳಿ," ಅಂದ ತಿಹೋನಿ.

ಮರುದಿನ ಬೆಳಗಿನಿಂದ ಅವನು ಉಪ್ಪುನೀರಿನ ಡಬ್ಬ ಹಿಡಿದು ಕಣಿವೆಗೆ ಹೋಗತೊಡಗಿದ. ಗುಲಾಬಿ ಚಿಪ್ಪಿನದು ಕಂಡರೆ ಡಬ್ಬಕ್ಕೆ. ಊರಿನವರು ನಕ್ಕರು. ಭಾನುವಾರ ಕೂಡ ಇಗರ್ಜಿಗೆ ಹೋಗುವ ಮುಂಚೆ ಒಂದು ಸುತ್ತು.

* * *

ಪುನುವಾ ಮುಗಿಸುವ ಹೊತ್ತಿಗೆ ಮರೇವಾಳ ಹಿಂದೆ ಲೋಟಗಳ ಸದ್ದಾಯಿತು. ಗುಂಡಿ ತೋಡುವವರಿಗೆ ಕಾಫಿ ತಂದ ತೆತುವಾ ಎಲ್ಲ ಕೇಳಿಸಿಕೊಂಡು ನಿಂತಿದ್ದಳು.

"ಅದಕ್ಕೇ," ಅಂದಳು, "ಇಷ್ಟು ವರ್ಷ ಬೆಳಗಿನ ಕಾಫಿ ಆರಿಹೋಗ್ತಿತ್ತು."

ತಟ್ಟೆ ಇಳಿಸಿ ಒಳಗೆ ಹೋದಳು. ಮರೇವಾ ಹೋಗಿ ನೋಡಿದಾಗ ಹಾರ ಅಪ್ಪನ ಕೊರಳಲ್ಲಿತ್ತು. ತೆತುವಾ ಅದರ ಗಂಟನ್ನು ಕತ್ತಿನ ಹಿಂದಕ್ಕೆ ಸರಿಸುತ್ತಿದ್ದಳು.

"ಅಮ್ಮಾ..."

"ಹೊತ್ಕೊಂಡು ಹೋಗ್ಲಿ. ಅವರದೇ ಅದು."

ಪಕ್ಕದ ದ್ವೀಪದಲ್ಲಿ ಹುಳು ಎಣಿಸುತ್ತಿದ್ದ ಆನ್ಯೆಸ್ ಮಧ್ಯಾಹ್ನದ ದೋಣಿಗೆ ಬಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಹಾಡುಗಳಾದ ಮೇಲೆ ಗುಂಡಿಯ ಪಕ್ಕ ನಿಂತು ಕಾಗದ ಬಿಚ್ಚಿ ಓದಿದಳು. ತಿಹೋನಿ ಇಪ್ಪತ್ತಾರು ವರ್ಷಗಳಲ್ಲಿ ಹನ್ನೊಂದು ಸಾವಿರ ಕೊಲೆಗಡುಕ ಹುಳುಗಳನ್ನು ಒಂದೊಂದಾಗಿ ಹಿಡಿದದ್ದು, ಆ ಏಳರ ಸಂತಾನ ಗಾಜಿನ ಪೆಟ್ಟಿಗೆಯಲ್ಲಿ ಈಗ ಮುನ್ನೂರಾದದ್ದು, ಕಣಿವೆ ಹಸನಾದ ದಿನ ಅವು ಮರಳಿ ಬರುವುದು. "ಇಂಥ ಒಬ್ಬರು ಪ್ರತಿ ದ್ವೀಪದಲ್ಲೂ ಇದ್ದಿದ್ದರೆ..." ಅಂದು ಕಾಗದ ಮಡಚಿದಳು. ಅವನನ್ನು ನೋಡಿ ನಗುತ್ತಿದ್ದವರೆಲ್ಲ ಈಗ ಅತ್ತರು. ಮರೇವಾಳಿಗೆ ಅಳು ಬರಲಿಲ್ಲ. ಒಂದೊಂದು ಹೊಗಳಿಕೆಗೂ ಅವಳು ಪುನುವಾನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

ಮಣ್ಣು ಮುಚ್ಚಿ, ನೆಲದೊಲೆಯಿಂದ ಕೆಸುವಿನ ಗೆಡ್ಡೆ, ಹಂದಿಮಾಂಸ ಹೊರಬಂದು, ಜನ ಚಾಪೆಯ ಮೇಲೆ ಊಟಕ್ಕೆ ಕೂತರು. ಮರೇವಾ ಆನ್ಯೆಸ್‌ಳ ಪಕ್ಕ ಕೂತು, ಬೆಳಿಗ್ಗೆ ಕೇಳಿದ್ದನ್ನೆಲ್ಲ ಹೇಳಿಬಿಟ್ಟಳು.

ಆನ್ಯೆಸ್ ಕೈಯಲ್ಲಿದ್ದ ಗೆಡ್ಡೆಯನ್ನು ಕೆಳಗಿಟ್ಟಳು.

"ಯಾವ ತಿಂಗಳು?" ಎಂದಳು.

ಎದುರು ಕೂತ ಪುನುವಾ ಉತ್ತರಿಸಿದ. "ಜೂನ್. ವೆನಿಲಾ ಹೂ ಬಿಡೋಕೆ ಮುಂಚೆ."

"ಎಷ್ಟು?"

"ಮೂವತ್ತು. ದಾರೀಲಿ ಎರಡು ಸತ್ವು."

"ಒಂಬತ್ತು ವರ್ಷ ಹುಡುಕಿದೀನಿ ನಾನು, ಇದು ಎಲ್ಲಿಂದ ಬಂತು ಅಂತ. ಹೂಕುಂಡದಲ್ಲಿ ಬಂದಿರಬೇಕು ಅಂತ ವರದೀಲಿ ಬರೆದೂ ಬಿಟ್ಟೆ. ಪಕ್ಕದಲ್ಲೇ ನಡೀತಿದ್ರಲ್ಲ ಅವರು, ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮತ್ತೆ ಅವನನ್ನ ಗುಡ್ಡಕ್ಕೆ ಕರೀತಿದ್ರಾ ಮೇಡಂ?"

ಆನ್ಯೆಸ್ ಕನ್ನಡಕ ತೆಗೆದು ಮಡಿಲಲ್ಲಿಟ್ಟು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಚೀಲದಿಂದ ಮಾಸಿದ ದಫ್ತರ ತೆಗೆದಳು. ಪುಟಪುಟವೂ ತಿಹೋನಿ, ತಿಹೋನಿ: ಹಿಡಿದವರು ತಿಹೋನಿ, ಕಂಡವರು ತಿಹೋನಿ. ಮೊದಲ ಪುಟದಲ್ಲಿ 'ದ್ವೀಪಕ್ಕೆ ತಂದವರು' ಎಂಬುದರ ಎದುರು ಮಾತ್ರ ಏನೂ ಇರಲಿಲ್ಲ.

"ಇದನ್ನ ಖಾಲಿ ಬಿಡಬಹುದು," ಅಂದಳು ಆನ್ಯೆಸ್ ಮೆಲ್ಲಗೆ. "ನೀನು ಹೇಗೆ ಹೇಳಿದ್ರೆ ಹಾಗೆ."

ಮರೇವಾ ಆ ಖಾಲಿ ಜಾಗ ನೋಡಿದಳು. ಅವಳು ಓದಿದ್ದು, ಊರಿನ ಶಾಲೆಯ ಟೀಚರಾದದ್ದು, ಎಲ್ಲ ಆ ಬಳ್ಳಿಗಳಿಂದ.

"ಬರೀರಿ," ಅಂದಳು.

ಆನ್ಯೆಸ್ ಪೆನ್ಸಿಲ್ಲೆತ್ತಿ 'ತಿಹೋನಿ' ಎಂದು ಬರೆದಳು.

"ಪೂರ್ತಿ ಹೆಸರು ಬರೀಬೇಕಮ್ಮ," ಅಂದಳು ಬಡಿಸುತ್ತ ಬಂದು ನಿಂತ ತೆತುವಾ. "ಈ ಊರಲ್ಲಿ ತಿಹೋನಿಗಳು ನಾಲ್ಕು ಜನ ಇದಾರೆ. ಪಾಪ, ಅವರೇನು ಮಾಡಿದ್ರು?"

"ಮನೆತನದ ಹೆಸರು ಹೇಗೆ ಬರೀತಾರೆ, ತೆತುವಾ ಅಮ್ಮ?"

ತೆತುವಾ ಗೆಡ್ಡೆಯ ಬುಟ್ಟಿ ಕೆಳಗಿಟ್ಟಳು. ಎಣ್ಣೆಯಾದ ಬೆರಳುಗಳನ್ನು ಕಪ್ಪು ಲಂಗಕ್ಕೆ ಒರೆಸಿಕೊಂಡು ಚಾಪೆಯ ಮೇಲೆ ಕೂತಳು. ದಫ್ತರವನ್ನು ತೊಡೆಯ ಮೇಲೆ ಎಳೆದುಕೊಂಡು, ನಾಲಿಗೆ ತುದಿ ಕಚ್ಚಿ, ಗಂಡನ ಮನೆತನದ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತಿ ಬರೆಯತೊಡಗಿದಳು.