ಹತ್ತನೆಯ ಅರ್ಜಿ

ಹೆಬ್ಬೆರಳಿಗೆ ಮಸಿ ಹಚ್ಚಿಸಿಕೊಂಡ ಮೇಲೂ ಜಯಕ್ಕ ಕೈಯನ್ನು ಕಾಗದದ ಮೇಲೆ ಇಳಿಸಲಿಲ್ಲ. ಗ್ರಾಮಸೇವಕ ಜಯರಾಮಯ್ಯ ಜಗಲಿಯ ಮೇಲೆ ಕೂತು, ಅರ್ಜಿ ಗಾಳಿಗೆ ಹಾರದಂತೆ ಎರಡು ಬದಿಯಲ್ಲೂ ಹಿಡಿದುಕೊಂಡು ಕಾಯುತ್ತಿದ್ದ. ಅಂಗಳದಲ್ಲಿ ಊರಿನ ಒಂಬತ್ತು ಜನ ಗಂಡಸರು ನಿಂತಿದ್ದರು. ಅವಳ ಗಂಡ ಮುದ್ದಣ್ಣ ಜ್ವರದಲ್ಲಿ ತೀರಿಕೊಂಡ ದಿನ ಬಿಟ್ಟರೆ ಇವರಲ್ಲಿ ಎಷ್ಟೋ ಜನ ಈ ಅಂಗಳಕ್ಕೆ ಕಾಲಿಟ್ಟವರಲ್ಲ.

ಪುರವರದ ಕಡೆಯ ಆ ಊರಿಗೆ ಕರೆಂಟು ಬರಬೇಕಾದರೆ ಪಂಪ್‌ಸೆಟ್ಟಿಗೆ ಹತ್ತು ಅರ್ಜಿಗಳಾದರೂ ಬೇಕು ಎಂದು ಸರ್ಕಾರ ಹೇಳಿತ್ತು. ಹತ್ತಾದರೆ ಕಂಬ, ತಂತಿ ಎಲ್ಲ ಸರ್ಕಾರದ್ದೇ. ಮೋಟಾರಿನ ಬೆಲೆಯಲ್ಲೂ ಒಂದು ಪಾಲು ಸಹಾಯಧನ ಸಿಗುತ್ತಿತ್ತು. ಒಂಬತ್ತಾದರೆ ಲೈನು ಪಕ್ಕದ ಊರಿನಲ್ಲೇ ನಿಲ್ಲುತ್ತಿತ್ತು. ಬಾವಿ ಇದ್ದವರು ಊರಿನಲ್ಲಿ ಹತ್ತೇ ಜನ, ಹತ್ತನೆಯವಳು ಜಯಕ್ಕ. ಇದನ್ನೆಲ್ಲ ಜಯರಾಮಯ್ಯ ಮೂರು ಸಲ ಬಿಡಿಸಿ ಹೇಳಿದ್ದ. ಆದರೂ ಅವಳು ಅಂಗಳದ ಮೂಲೆಯ ಕಡೆಗೇ ನೋಡುತ್ತಿದ್ದಳು. ಅಲ್ಲಿ ಅವಳ ಮೈದುನ ಚಿಕ್ಕನರಸಯ್ಯ ಹಗ್ಗ ಹೊಸೆಯುತ್ತ ಕೂತಿದ್ದ, ತಲೆ ಎತ್ತಿರಲಿಲ್ಲ.

ಮುದ್ದಣ್ಣ ಹೋದ ಮೇಲೆ ಒಂಬತ್ತು ವರ್ಷದಿಂದ ಅವಳ ಬಾವಿಯಲ್ಲಿ ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತಿದವನು ಚಿಕ್ಕನರಸಯ್ಯನೇ. ಎತ್ತುಗಳು ಅವನವು, ಹಗ್ಗ ಅವನದು, ಮೈಯ ಕಸುವೂ ಅವನದು. ಅದಕ್ಕಾಗಿ ಬೆಳೆಯಲ್ಲಿ ಅರ್ಧ ಅವನಿಗೆ ಹೋಗುತ್ತಿತ್ತು. ಜಯಕ್ಕನಿಗೆ ಮಕ್ಕಳಿಲ್ಲ, ಅವಳ ನಂತರ ಹೊಲವೂ ಅವನಿಗೇ ಎಂದು ಊರೆಲ್ಲ ಮಾತಾಡಿಕೊಳ್ಳುತ್ತಿತ್ತು. ಅವನು ಅವಳನ್ನು ಎಂದೂ ಬೈದವನಲ್ಲ. ಆದರೆ ನೀರು ಯಾವ ದಿನ, ಹೊಲದ ಯಾವ ಮಡಿಗೆ ಎನ್ನುವುದು ಅವಳಿಗೆ ಗೊತ್ತಾಗುತ್ತಿದ್ದದ್ದು ಅವನು ಎತ್ತು ಬಿಚ್ಚಿಕೊಂಡು ಹೊರಟಾಗಲೇ.

ಜಯಕ್ಕ ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತಿಬಿಟ್ಟಳು. ಎಲ್ಲರೂ ಹೋದ ಮೇಲೆ ಚಿಕ್ಕನರಸಯ್ಯ ಎದ್ದು ಬಂದು, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಸಣ್ಣ ದನಿಯಲ್ಲಿ ಹೇಳಿದ: "ಅತ್ಗೆ, ನಾಳಿಕೆ ನಿಂಗೇನಾರ ಆದ್ರೆ ಜನ ನನ್ನ ಮ್ಯಾಗೆ ಹೇಳ್ತಾರೆ. ಅದೊಂದು ಜ್ಞಾಪಕ ಮಡಿಕ."

ಹೆದರಿಸಲು ಅಂದನೋ, ಹೆದರಿ ಅಂದನೋ, ಅವಳಿಗೆ ತಿಳಿಯಲಿಲ್ಲ. ಅಂದಿನಿಂದ ತನ್ನ ಮನೆಗೂ ಅವನ ಮನೆಗೂ ನಡುವಿನ ಬಾಗಿಲಿಗೆ ಅವಳು ಒಳಗಿನಿಂದ ಅಗಳಿ ಹಾಕತೊಡಗಿದಳು.

ಕಂಬಗಳು ಬಂದವು. ಅವುಗಳ ಜೊತೆಗೆ ಕಥೆಗಳೂ ಬಂದವು. ಬಾವಿಯ ನೀರಿಗೇ ಕರೆಂಟು ಇಳಿಯುತ್ತದಂತೆ, ಆ ನೀರು ಕುಡಿದ ಪೈರು ಬೆಂದು ಹೋಗುತ್ತದಂತೆ, ಒದ್ದೆ ಬಟ್ಟೆಯಲ್ಲಿದ್ದ ಹೆಂಗಸರನ್ನು ಅದು ದೂರದಿಂದಲೇ ಎಳೆದುಕೊಳ್ಳುತ್ತದಂತೆ. ಇವುಗಳಲ್ಲಿ ಹೆಚ್ಚಿನವು ಹುಟ್ಟುತ್ತಿದ್ದದ್ದು ಚಿಕ್ಕನರಸಯ್ಯನ ಜಗಲಿಯಲ್ಲಿ. ಜಯಕ್ಕ ಅವನ್ನು ನಂಬಬಾರದೆಂದುಕೊಂಡಿದ್ದಳು. ಆದರೆ ಗೌರಿ ಹಬ್ಬದ ಹಿಂದಿನ ವಾರ, ಮಳೆ ಬಿದ್ದ ಬೆಳಗ್ಗೆ, ಪಕ್ಕದ ಊರಿನಲ್ಲಿ ಕಂಬದ ಬುಡಕ್ಕೆ ಮೈ ತಿಕ್ಕಲು ಹೋದ ಎತ್ತೊಂದು ನಿಂತ ಹಾಗೇ ಬಿದ್ದು ಸತ್ತಿತು. ಅವಳೂ ಹೋಗಿ ನೋಡಿದಳು. ಮೈಮೇಲೆ ಒಂದು ಗಾಯವೂ ಇರಲಿಲ್ಲ. ಬಾಯಲ್ಲಿ ಹುಲ್ಲು ಹಾಗೇ ಇತ್ತು.

ಮಾರನೆಯ ದಿನವೇ ಅವಳು ಜಯರಾಮಯ್ಯನನ್ನು ಹುಡುಕಿಕೊಂಡು ಹೋಗಿ, ತನ್ನ ಅರ್ಜಿ ವಾಪಸು ಕೊಡಬೇಕೆಂದು ಕೇಳಿದಳು. ಅವನು ಅವಳನ್ನು ಕೂರಿಸಿ ನೀರು ಕೊಟ್ಟ. ಹತ್ತರಲ್ಲಿ ಒಂದು ಹೋದರೆ ಉಳಿದ ಒಂಬತ್ತೂ ಹೋಗುತ್ತವೆ, ನಿಂತ ಕಂಬಗಳನ್ನು ಕಿತ್ತುಕೊಂಡು ಹೋದರೂ ಹೋದಾರು, ಊರಿನವರು ಆಮೇಲೆ ನಿನ್ನನ್ನು ಏನೆನ್ನುತ್ತಾರೋ ನಾನು ಹೇಳಲಾರೆ ಎಂದ. ಹೋಗುವಾಗ ಒಂದು ಹೆದರಿಕೆ ಇದ್ದದ್ದು ಬರುವಾಗ ಎರಡಾಗಿತ್ತು.

ಸಂಕ್ರಾಂತಿ ಕಳೆದು ಲೈನಿಗೆ ಕರೆಂಟು ಬಿಟ್ಟರು. ಮೋಟಾರು ಕೂರಿಸಲು ಶಿರಾದಿಂದ ಫಕ್ರುದ್ದೀನ್ ಬಂದ. ಹಿಂದೆ ಎಣ್ಣೆ ಇಂಜಿನ್ನುಗಳನ್ನು ರಿಪೇರಿ ಮಾಡುತ್ತಿದ್ದ ಐವತ್ತರ ಮನುಷ್ಯ, ಎಡಗೈಯ ಎರಡು ಬೆರಳುಗಳ ತುದಿ ಇರಲಿಲ್ಲ. ಬಾವಿಯ ದಡದ ಮೇಲೆ ಕಲ್ಲಿನ ಚಿಕ್ಕ ಕೋಣೆ ಕಟ್ಟಿಸಿ, ಅದರಲ್ಲಿ ಮೋಟಾರು ಇಟ್ಟು, ಕಬ್ಬಿಣದ ಪೈಪನ್ನು ಬಾವಿಯೊಳಕ್ಕೆ ಇಳಿಸಿದ. ಹಸಿರು ಗುಂಡಿ ಒತ್ತಿದರೆ ಓಡುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ ಎಂದು ತೋರಿಸಿದ. ಆಮೇಲೆ ಗೋಡೆಯ ಮೇಲಿನ ಕಬ್ಬಿಣದ ಡಬ್ಬಿ ತೆಗೆದು, ಒಳಗಿನ ಮೂರು ಬಿಳಿ ಪಿಂಗಾಣಿ ತುಂಡುಗಳನ್ನು ಒಂದೊಂದಾಗಿ ಕಿತ್ತು ಅಂಗೈ ಮೇಲಿಟ್ಟುಕೊಂಡ.

"ಇದು ಫ್ಯೂಸು ಅಕ್ಕಾ. ಇದು ಮೂರೂ ಕೈಯಲ್ಲಿದ್ರೆ ಮೋಟಾರು ಬರೀ ಕಬ್ಬಿಣ. ಬೇರೆ ಏನೂ ನಂಬಬೇಡ, ಗುಂಡೀನೂ ನಂಬಬೇಡ."

ಒಂದು ಸಲ ಕಿತ್ತು ನೋಡು ಎಂದಾಗ ಅವಳು ಎರಡು ಹೆಜ್ಜೆ ಹಿಂದಕ್ಕೆ ಹೋದಳು. ಅವನು ಒತ್ತಾಯ ಮಾಡಲಿಲ್ಲ. ತನಗೂ ದಿನಾ ಹೆದರಿಕೆಯಾಗುತ್ತದೆ ಎಂದು ಹೇಳಿ, ಪಿಂಗಾಣಿಗಳನ್ನು ಮತ್ತೆ ಸಿಕ್ಕಿಸಿದ.

ಮೊದಲ ದಿನ ಹಸಿರು ಗುಂಡಿ ಒತ್ತುವಾಗ ಜಯಕ್ಕ ಕೈಗೆ ಒಣ ಗೋಣಿ ಸುತ್ತಿಕೊಂಡಿದ್ದಳು. ನೀರು ಕಾಲುವೆಗೆ ಧುಮುಕಿತು. ಅರ್ಧ ದಿನದ ಕಪಿಲೆಯ ನೀರು ಒಂದು ಗಳಿಗೆಯಲ್ಲಿ ಮೆಣಸಿನ ಮಡಿಗಳಲ್ಲಿ ನಿಂತಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಯಾವ ಮಡಿಗೆ ಎಂದು ಅವಳೇ ಹೇಳಿದಳು, ಕೇಳುವವರು ಯಾರೂ ಇರಲಿಲ್ಲ. ಬೇಲಿಯ ಆಚೆ ಚಿಕ್ಕನರಸಯ್ಯ ಎತ್ತುಗಳ ಕೊರಳ ಹಗ್ಗ ಹಿಡಿದುಕೊಂಡು ತುಂಬ ಹೊತ್ತು ನಿಂತಿದ್ದು, ಹೊರಟು ಹೋದ.

ಬೇಸಿಗೆ ಏರಿದ ಹಾಗೆ ಕರೆಂಟು ಹೋಗಿ ಬಂದು ಮಾಡತೊಡಗಿತು. ಬಂದಾಗ ಓಡಿ ಹೋಗಿ ಗುಂಡಿ ಒತ್ತುವುದು ಯಾರಿಗೂ ಆಗುತ್ತಿರಲಿಲ್ಲ. ಪಕ್ಕದ ಹೊಲದ ಕದಿರಯ್ಯ ಹಸಿರು ಗುಂಡಿಯನ್ನು ಒತ್ತಿ, ಅದರ ಸಂದಿಗೆ ಮರದ ಚೆಕ್ಕೆ ಸಿಕ್ಕಿಸುವುದನ್ನು ಕಂಡುಹಿಡಿದ. ಹಾಗೆ ಮಾಡಿದರೆ ಕರೆಂಟು ಬಂದ ತಕ್ಷಣ ಮೋಟಾರು ತಾನಾಗಿಯೇ ಓಡುತ್ತಿತ್ತು. ಎಲ್ಲರೂ ಅದನ್ನೇ ಮಾಡಿದರು, ಜಯಕ್ಕನೂ ಮಾಡಿದಳು. ಒಂದು ಸಂಜೆ ನೀರಿನ ಕೈಯಲ್ಲಿ ಪೈಪು ಮುಟ್ಟಿದಾಗ ಮೊಳಕೈವರೆಗೂ ಜುಮ್ ಎಂದಿತು. ಶಿರಾಕ್ಕೆ ಹೋಗುತ್ತಿದ್ದ ಬಸ್ಸಿನವನ ಹತ್ತಿರ ಫಕ್ರುದ್ದೀನನಿಗೆ ಹೇಳಿ ಕಳಿಸಿದಳು. ಕರೆಂಟನ್ನು ಭೂಮಿಗೆ ಇಳಿಸಲು ನೆಲದಲ್ಲಿ ತೋಡಿದ ಕುಣಿ ಬಿಸಿಲಿಗೆ ಒಣಗಿರಬೇಕು, ದಿನಾ ಒಂದು ಕೊಡ ನೀರು ಹಾಕು, ಶನಿವಾರ ಬರುತ್ತೇನೆ, ಅಲ್ಲಿಯವರೆಗೆ ಕಬ್ಬಿಣ ಮುಟ್ಟಬೇಡ ಎಂದು ಉತ್ತರ ಬಂತು. ಅವಳು ಕೊಡ ನೀರು ಹಾಕಿದಳು, ಕಬ್ಬಿಣದಿಂದ ಮಾರು ದೂರ ನಡೆದಳು.

ಗುರುವಾರ ಪೈಪಿನ ನೀರು ಸಣ್ಣಗಾಯಿತು. ಶುಕ್ರವಾರ ಬೆಳಗ್ಗೆ ಕಿರುಬೆರಳಿನಷ್ಟು ಬೀಳುತ್ತಿತ್ತು, ಮೆಣಸಿನ ಎಲೆಗಳು ಆಗಲೇ ಮುದುರಿದ್ದವು. ಒಂಬತ್ತು ಗಂಟೆಗೆ ಕರೆಂಟೂ ಹೋಯಿತು. ಬಾವಿಯ ಕಟ್ಟೆಯ ಮೇಲೆ ಅವಳು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಚಿಕ್ಕನರಸಯ್ಯ ಬಂದ. ಮೋಟಾರು ಬಂದ ಮೇಲೆ ಅವನು ಈ ಬಾವಿಯ ಹತ್ತಿರ ಬಂದದ್ದು ಅದೇ ಮೊದಲು. ಇಣುಕಿ ನೋಡಿ, ಪೈಪಿನ ತುದಿಯ ಜಾಲರಿಗೆ ಪಾಚಿ ಕಟ್ಟಿದೆ, ಮುಳುಗಿ ಬಿಡಿಸಬೇಕು ಎಂದ.

ಪೈಪು ಜುಮ್ ಎನ್ನುತ್ತದೆ, ನಾಳೆ ಫಕ್ರುದ್ದೀನ್ ಬರುತ್ತಾನೆ, ಇವತ್ತು ಬೇಡ ಎಂದು ಅವಳು ಹೇಳಿದಳು.

"ಕರೆಂಟೇ ಇಲ್ವಲ್ಲ, ಏನು ಜುಮ್ ಅಂತದೆ? ನಾಳಿಕೆಗೆ ಗಿಡ ಇರ್ತವಾ?" ಎಂದ ಅವನು ಅಂಗಿ ಬಿಚ್ಚುತ್ತ. ಒಂಬತ್ತು ವರ್ಷ ಈ ಬಾವಿಯ ನೀರು ಎತ್ತಿದವನಿಗೆ ಒಳಗಿಳಿಯಲು ಯಾರ ಅಪ್ಪಣೆಯೂ ಬೇಡ ಎನ್ನುವ ಹಾಗೆ ಮೆಟ್ಟಿಲು ಇಳಿದ.

ಅವನ ತಲೆ ನೀರೊಳಗೆ ಹೋದದ್ದನ್ನು ನೋಡಿ ಜಯಕ್ಕ ಕೋಣೆಯ ಕಡೆ ತಿರುಗಿದಳು. ಬಾಗಿಲಿನಿಂದಲೇ ಅವಳಿಗೆ ಹಸಿರು ಗುಂಡಿ ಕಂಡಿತು. ಬೆಳಗ್ಗೆ ಸಿಕ್ಕಿಸಿದ ಚೆಕ್ಕೆ ಹಾಗೇ ಇತ್ತು.

ಓಡಿ ಹೋಗಿ ಎಳೆದಳು. ಚೆಕ್ಕೆ ಅರ್ಧಕ್ಕೆ ಮುರಿದು ಕೈಗೆ ಬಂತು, ಉಳಿದರ್ಧ ಒಳಗೇ ಕೂತಿತು. ಕೆಂಪು ಗುಂಡಿ ಒತ್ತಿದಳು. ಕರೆಂಟಿಲ್ಲದ ಮೋಟಾರು ನಿಂತಿದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು? ಹೊರಗೆ ಓಡಿ ಬಾವಿಯ ಬಾಯಲ್ಲಿ ಬಗ್ಗಿ ಕೂಗಿದಳು. ನೀರಿನ ಮೇಲೆ ಗುಳ್ಳೆಗಳಿದ್ದವು, ಪೈಪು ಮೆಲ್ಲಗೆ ಅಲ್ಲಾಡುತ್ತಿತ್ತು. ಅವನು ಅದನ್ನು ತಬ್ಬಿಕೊಂಡು ಕೆಳಗಿದ್ದ.

ಮತ್ತೆ ಕೋಣೆಗೆ ಬಂದು ಕಬ್ಬಿಣದ ಡಬ್ಬಿಯ ಮುಂದೆ ನಿಂತಳು. ಕೈ ಅರ್ಧ ದೂರ ಹೋಗಿ ನಿಂತುಬಿಟ್ಟಿತು. ಹುಲ್ಲು ಬಾಯಲ್ಲಿಟ್ಟುಕೊಂಡು ಬಿದ್ದಿದ್ದ ಆ ಎತ್ತು ಕಣ್ಣ ಮುಂದೆ ಬಂತು. ಇವನು ಇಲ್ಲಿ ಸತ್ತರೆ ಮೈದುನನನ್ನು ಕೊಂದವಳು ಎಂದು ಊರು ತನ್ನನ್ನು ಬಿಡುವುದಿಲ್ಲ ಅನ್ನಿಸಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ತಾನು ಏನೂ ಮಾಡಬೇಕಾಗಿಲ್ಲ. ಸುಮ್ಮನೆ ನಿಂತಿದ್ದರೆ ಸಾಕು. ನಡುವಿನ ಬಾಗಿಲಿಗೆ ಅಗಳಿ ಹಾಕುವ ಕೆಲಸ ಇರುವುದಿಲ್ಲ. ಆ ಯೋಚನೆ ಇದ್ದದ್ದು ಎಷ್ಟು ಹೊತ್ತೋ, ಒಂದು ಉಸಿರಿನಷ್ಟೋ ಎರಡು ಉಸಿರಿನಷ್ಟೋ. ಕರೆಂಟಿಗಿಂತ ಅದಕ್ಕೇ ಅವಳು ಹೆಚ್ಚು ಹೆದರಿದಳು. ಡಬ್ಬಿಯ ಮುಚ್ಚಳ ತೆಗೆದು, ಹಲ್ಲು ಕಚ್ಚಿ, ಮೊದಲ ಪಿಂಗಾಣಿ ಕಿತ್ತಳು. ಎರಡನೆಯದು ಬಿಗಿಯಾಗಿತ್ತು, ಎರಡು ಕೈ ಹಾಕಿದಳು. ಮೂರನೆಯದು ಕೈಗೆ ಬಂದಾಗ ತಲೆಯ ಮೇಲೆ ಬಲ್ಬು ಹೊತ್ತಿಕೊಂಡಿತು.

ಅದು ಬೇರೆ ತಂತಿಯ ಬಲ್ಬು, ಈ ಫ್ಯೂಸುಗಳಿಗೆ ಸೇರಿದ್ದಲ್ಲ; ಕರೆಂಟು ಬಂದಿತ್ತು. ಬೇಲಿಯ ಆಚೆ ಕದಿರಯ್ಯನ ಮೋಟಾರು ಗುಂಯ್ ಎಂದು ಶುರುವಾಯಿತು. ಅದರ ಆಚೆಗೆ ಇನ್ನೊಂದು, ಮತ್ತೊಂದು.

ಜಯಕ್ಕ ಬಾವಿಯ ಹತ್ತಿರ ಬಂದಾಗ ಚಿಕ್ಕನರಸಯ್ಯನ ತಲೆ ನೀರಿನ ಮೇಲಿತ್ತು. ಅವನೂ ಕೇಳಿಸಿಕೊಂಡಿದ್ದ. ಪೈಪಿನ ಮೇಲಿದ್ದ ಕೈ ತೆಗೆಯಲೂ ಧೈರ್ಯ ಸಾಲದೆ, ಕುತ್ತಿಗೆಯವರೆಗೆ ನೀರಿನಲ್ಲಿ ಹಾಗೇ ನಿಂತು ಮೇಲಕ್ಕೆ ನೋಡುತ್ತಿದ್ದ. ಅಷ್ಟು ಬೆಳ್ಳಗಾದ ಮುಖವನ್ನು ಅವಳು ಯಾವತ್ತೂ ಕಂಡಿರಲಿಲ್ಲ.

"ಕೈಯಾಗೈತೆ," ಎಂದಳು ಅವಳು. ಮುಷ್ಟಿ ಎತ್ತಿ ತೋರಿಸಿದಳು. ಮತ್ತೆ ಹೇಳಿದಳು: "ಮೂರೂ ನನ್ ಕೈಯಾಗೇ ಐತೆ."

ಅವನು ಮೆಟ್ಟಿಲು ಹತ್ತಿ ಬರಲು ಬಹಳ ಹೊತ್ತು ತೆಗೆದುಕೊಂಡ. ಪಾಚಿಯ ಮುದ್ದೆಯನ್ನು ಕಟ್ಟೆಯ ಮೇಲೆ ಎಸೆದು, ಕೋಣೆಯೊಳಗೆ ಹೋಗಿ, ಮುರಿದ ಚೆಕ್ಕೆಯನ್ನು ನೋಡಿಕೊಂಡು ಹೊರಗೆ ಬಂದ. ಮೈಯಿಂದ ಇಳಿದ ನೀರು ಅವನ ಕಾಲ ಸುತ್ತ ನಿಂತಿತ್ತು.

"ಯಾವಾಗ ಕಿತ್ತೆ ಅತ್ಗೆ?"

"ನೀನು ಮುಳುಗಿದ್ದಾಗ."

ಅವನು ಇನ್ನೇನೋ ಕೇಳಬೇಕೆಂದವನ ಹಾಗೆ ಅವಳ ಮುಖ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ.

ಫ್ಯೂಸು ಕೊಡು ಎಂದು ಕೈ ಚಾಚಿದ. ಬಾವಿಯ ಕಟ್ಟೆಯ ಮೇಲೆ ಕೂತಿದ್ದ ಜಯಕ್ಕ ಕೊಡಬೇಕೆಂದೇ ಕೈ ಮುಂದೆ ಮಾಡಿದಳು, ಮುಷ್ಟಿ ಬಿಚ್ಚಿಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಹಿಡಿದು ಬಿಡಿಸಲು ನೋಡಿದಳು, ಬೆರಳುಗಳು ಕಲ್ಲಾಗಿದ್ದವು. ಚಿಕ್ಕನರಸಯ್ಯ ಟವಲಿನಲ್ಲಿ ತನ್ನ ಕೈ ಒರೆಸಿಕೊಂಡು, ಒಣಗಿದೆಯೋ ಎಂದು ಎರಡು ಸಲ ನೋಡಿಕೊಂಡು, ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಅಣ್ಣನ ಮದುವೆಯಾದಾಗಿನಿಂದ ಅವನು ಒಮ್ಮೆಯೂ ಮುಟ್ಟದ ಕೈ ಅದು. ಕಿರುಬೆರಳಿನಿಂದ ಶುರುಮಾಡಿ ಒಂದೊಂದಾಗಿ ಬಿಡಿಸಿದ.

ಪಿಂಗಾಣಿಯ ಅಂಚುಗಳು ಅವಳ ಅಂಗೈಯಲ್ಲಿ ಕೆಂಪಗೆ ಮೂಡಿದ್ದವು. ಮೂರನ್ನೂ ಅವನು ಬಾವಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟ. ಅವನ್ನು ಮತ್ತೆ ಸಿಕ್ಕಿಸಲು ಇಬ್ಬರಲ್ಲಿ ಯಾರೂ ಏಳಲಿಲ್ಲ. ಸುತ್ತಲ ಹೊಲಗಳಲ್ಲಿ ಮೋಟಾರುಗಳು ಗುಂಯ್ ಎನ್ನುತ್ತಿದ್ದವು, ಕೋಣೆಯೊಳಗೆ ಬಲ್ಬು ಹಗಲಿನಲ್ಲಿ ಸುಮ್ಮನೆ ಉರಿಯುತ್ತಿತ್ತು.