ಮರಿಯ ತುಪ್ಪಟ

ಕಲೀಪಾಳ ಮೊಮ್ಮಗ ಬೆಕ್ತೂರನಿಗೆ ಉಣ್ಣೆ ಎಂದರೆ ಆಗದು. ತಾಗಿದರೆ ಸಾಕು, ಎಳೆ ಮೈಯೆಲ್ಲ ದದ್ದೆದ್ದು, ಕೆರೆದು ಕೆರೆದು ರಕ್ತ ಬರುತ್ತಿತ್ತು. ಕುರಿ ಸಾಕಿ ಬದುಕುವ ಅಟ್-ಬಾಶಿ ಕಣಿವೆಯಲ್ಲಿ ಉಣ್ಣೆ ಇಲ್ಲದ ಜಾಗ ಯಾವುದಿದೆ ಹೇಳಿ! ನೆಲಕ್ಕೆ, ಗೋಡೆಗೆ, ತೊಟ್ಟಿಲಿಗೆ, ಎಲ್ಲಕ್ಕೂ ಉಣ್ಣೆಯ ಹಾಸು. ಅದನ್ನು ಮಾಡುವುದರಲ್ಲಿ ಕಲೀಪಾಳದು ಎತ್ತಿದ ಕೈ.

"ಹೀಗೇ ಆದ್ರೆ ಮಗೂನ ಕರ್ಕೊಂಡು ಪೇಟೆಲಿರೋ ತವರಿಗೆ ಹೋಗ್ಬಿಡ್ತೀನಿ ಅಪಾ," ಎಂದು ಸೊಸೆ ಬಕ್ತಿಗುಲ್ ಅತ್ತೆಯ ಮುಂದೆ ಕಣ್ಣೀರು ಹಾಕಿದಾಗಿನಿಂದ ಮುದುಕಿಗೆ ಊಟ ಸೇರುತ್ತಿರಲಿಲ್ಲ. ಆ ಮಗುವಲ್ಲದೆ ಅವಳಿಗೆ ಬೇರೆ ಲೋಕವಾದರೂ ಎಲ್ಲಿತ್ತು?

ಆಗಲೇ ಕರಕುಶಲ ಸಂಘದ ಹುಡುಗಿಯೊಬ್ಬಳು ರಾಜಧಾನಿ ಬಿಷ್ಕೆಕ್‌ನಿಂದ ಹೊಸ ನಾರು ತಂದುಕೊಟ್ಟಳು. ತುರಚಿ ಗಿಡದ ಕಾಂಡದಿಂದ ಈಚೆಗಷ್ಟೇ ತಯಾರಿಸಿದ್ದಂತೆ. ರೇಷ್ಮೆಯಷ್ಟು ನುಣುಪು.

"ಅಯ್ಯೋ, ತುರಿಕೆಗೆ ತುರಚಿ ಗಿಡಾನೇ ಮದ್ದೇನೇ ಕಲೀಪಾ?" ಎಂದು ನೆರೆಮನೆಯ ಝೂರಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗು, ನಗು. ನನ್ನ ಮೊಮ್ಮಗ ಇದರ ಮೇಲೆ ಮಲಗಿದ ದಿನ ಮುಖ ಎಲ್ಲಿಟ್ಕೋತೀಯ ನೋಡ್ತೀನಿ. ಈಗ ಬಾ, ಕೈ ಹಾಕು."

ಜೊಂಡಿನ ಚಾಪೆಯ ಮೇಲೆ ನಾರು ಹರಡಿ, ಕುದಿನೀರು ಎರೆದು, ಸುರುಳಿ ಸುತ್ತಿ, ಇಬ್ಬರೂ ಮೊಣಕೈಯೂರಿ ಸಂಜೆಯವರೆಗೆ ಉರುಳಿಸಿದರು. ಬಿಚ್ಚಿ ನೋಡಿದರೆ ಏನಿದೆ? ಗಂಜಿ! ಬಿಸಿನೀರು ಬಿದ್ದರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಗಿಡದ ನಾರಿಗೆ ಆ ಬುದ್ಧಿಯೇ ಇಲ್ಲ. ಝೂರಾ ಈ ಸಲ ನಗಲಿಲ್ಲ. ಅದೇ ಕಲೀಪಾಳಿಗೆ ಹೆಚ್ಚು ಚುಚ್ಚಿತು.

ಮರುದಿನ ಒಬ್ಬಳೇ ಕೂತು ನಾರಿಗೆ ಮರಿಯ ತುಪ್ಪಟ ಬೆರೆಸಿದಳು. ಕುರಿಮರಿಗೆ ಮೊದಲ ಸಲ ಕತ್ತರಿ ಹಾಕಿದಾಗ ಬರುವ ತುಪ್ಪಟ ಅದು. ಆ ಕಣಿವೆಯಲ್ಲಿ ಅದನ್ನು ಯಾರೂ ಉಣ್ಣೆ ಎನ್ನುವುದಿಲ್ಲ. ಅದರ ಹೆಸರೇ ಬೇರೆ, ಮರ್ಯಾದೆಯೇ ಬೇರೆ. ಹಸುಗೂಸುಗಳನ್ನು ಅದರಲ್ಲೇ ಸುತ್ತುವುದು. ಈ ಸಲ ಹಾಸು ಗಟ್ಟಿಯಾಗಿ ಕೂತಿತು.

"ಒಂದೆಳೆ ಉಣ್ಣೆ ಇಲ್ಲ ಕಣೇ!" ಎಂದು ಬೀಗುತ್ತ ತೊಟ್ಟಿಲಿಗೆ ಹಾಸಿದಳು. ಬಕ್ತಿಗುಲ್ ಅತ್ತೆಯನ್ನು ತಬ್ಬಿಕೊಂಡು ಅತ್ತೇಬಿಟ್ಟಳು.

ಬೆಳಗಾಗುವಷ್ಟರಲ್ಲಿ ಮಗುವಿನ ಬೆನ್ನು ಸುಟ್ಟ ಹಾಗಾಗಿತ್ತು.

"ಅಪಾ, ಇದರೊಳಗೆ ಏನ್ ಹಾಕಿದ್ರಿ?"

"ಉಣ್ಣೆ ಹಾಕಿಲ್ಲ, ನನ್ನಾಣೆ! ಬರೀ ಮರಿ ತುಪ್ಪಟ..."

ಬಾಯಿಂದ ಹೊರಬಿದ್ದ ಮೇಲೆಯೇ ತಾನೇನು ಹೇಳಿದೆನೆಂಬುದು ಅವಳಿಗೆ ಹೊಳೆದದ್ದು.

"ಮರಿ ಏನು ಕುರಿ ಅಲ್ವಾ ಅಪಾ?"

ಕಲೀಪಾ ಒಳಗೆ ಹೋಗಿ ಉಣ್ಣೆಯ ಮೇಲಂಗಿ, ಶಾಲು, ಕಾಲುಚೀಲ ಎಲ್ಲ ಕಿತ್ತೆಸೆದಳು. ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕಿದಳು. ಬರೀ ಹತ್ತಿಯ ಅಂಗಿಯಲ್ಲಿ ಚಳಿಗೆ ಗಡಗಡ ನಡುಗುತ್ತ ಹೊರಗೆ ಬಂದಾಗ ಬಕ್ತಿಗುಲ್ ಮಗುವನ್ನೆತ್ತಿಕೊಂಡು, ಬಟ್ಟೆಯ ಗಂಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

"ಒಂದ್ಸಲ ಎತ್ಕೊಳ್ಳಲಾ?"

ಮಗು ಅಜ್ಜಿಯತ್ತ ವಾಲಿ ಎರಡೂ ಕೈ ಚಾಚಿತು. ಸೊಸೆಯ ಕಣ್ಣುಗಳು ತುಂಬಿಬಂದವು. ಆದರೂ ಹಿಂದಕ್ಕೆ ಸರಿದಳು.

"ಎಲ್ಲ ತೆಗೆದುಹಾಕಿದೀನಿ ಕಣಮ್ಮಾ. ಮೈಮೇಲೆ ಒಂದೆಳೆ ಉಣ್ಣೆ ಇಲ್ಲ, ನೋಡು."

"ನಿನ್ನೆನೂ ಹಂಗೇ ಅಂದಿದ್ರಿ ಅಪಾ," ಎಂದಳು ಬಕ್ತಿಗುಲ್.